ಅಮ್ಮ, ಅಜ್ಜಿಯ ಪುಸ್ತಕದ ಫೋಟೋ ಇನ್ನೂ ಹೋಗಿಲ್ಲ

ಹೆಲ್ಸಿಂಕಿ
ಜುಲೈ, ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ನಿನ್ನ ಮಗಳ ನಮಸ್ಕಾರಗಳು. ಅಪ್ಪಯ್ಯನಿಗೂ.

ನಾವಿಬ್ಬರೂ ಇಲ್ಲಿ ಆರಾಮ. ರಾತ್ರಿ ಹತ್ತು ಗಂಟೆಯಾದರೂ ಹೊರಗೆ ಬೆಳಕಿದೆ, ನಿದ್ದೆ ಬರುತ್ತಿಲ್ಲ. ಅಲ್ಲಿ ಈಗ ಹನ್ನೆರಡೂವರೆ. ನೀನೂ ಮಲಗಿರಲಿಕ್ಕಿಲ್ಲ ಅಂತ ನನಗೆ ಗೊತ್ತು.

ಇದನ್ನು ಚಿಕ್ಕಪ್ಪನ ಮಗನಿಗೆ ಮೇಲ್ ಮಾಡುತ್ತೇನೆ. ಅವನು ತೀರ್ಥಹಳ್ಳಿಯಲ್ಲಿ ಪ್ರಿಂಟ್ ತೆಗೆಸಿ ತಂದುಕೊಡುತ್ತಾನೆ. ಫೋನಿನಲ್ಲಿ ಹೇಳಿದರೆ ನೀನು "ಹೂಂ, ಹೂಂ" ಅಂತೀಯ. ಇಟ್ಟ ಮೇಲೆ ಅಪ್ಪಯ್ಯನ ಹತ್ತಿರ "ಅವಳು ಏನಂದಳು?" ಅಂತ ಕೇಳ್ತೀಯ. ಅದಕ್ಕೇ ಕಾಗದ.

ಮೊದಲ ಮಾತು. ಅಳಬೇಡ. ಪಕ್ಕದ ಮನೆ ಹುಡುಗನನ್ನು ಬೈಯಲೂ ಬೇಡ. ಫೋನ್ ತುಂಬಿದೆ ಅಂತ ನೀನೇ ಕೊಟ್ಟೆ, ಅವನು ಖಾಲಿ ಮಾಡಿಕೊಟ್ಟ. ಅಜ್ಜಿಯ ಅಡುಗೆ ಪುಸ್ತಕಕ್ಕೆ ವರಲೆ ಹಿಡಿದದ್ದು, ನೀನು ಉಳಿದ ಪುಟಗಳ ಫೋಟೋ ತೆಗೆದಿಟ್ಟದ್ದು ಅವನಿಗೇನು ಗೊತ್ತು? ಅವನ ಕಣ್ಣಿಗೆ ಅದು ಹಳದಿ ಕಾಗದ, ಅಷ್ಟೆ.

ಈಗಿನ ಫೋನ್‌ಗಳಲ್ಲಿ ಅಳಿಸಿದ ಫೋಟೋ ನೇರವಾಗಿ ಮಾಯವಾಗುವುದಿಲ್ಲ. ಮೊದಲು ಬುಟ್ಟಿಗೆ ಬೀಳುತ್ತದೆ. ಗೂಗಲ್ ಫೋಟೋಸ್ ತೆಗೆದರೆ ಕೆಳಗೆ 'ಕಲೆಕ್ಷನ್ಸ್' ಅಂತ ಇರುತ್ತದೆ, ಅದರೊಳಗೆ 'ಬಿನ್'. ಕೆಲವು ಫೋನ್‌ಗಳಲ್ಲಿ 'ಟ್ರ್ಯಾಶ್' ಅಂತ ಇರುತ್ತದೆ, ಎರಡೂ ಒಂದೇ. ಬ್ಯಾಕಪ್ ಆಗಿದ್ದ, ಅಂದರೆ ಗೂಗಲ್‌ನಲ್ಲೂ ಒಂದು ಪ್ರತಿ ಉಳಿದಿದ್ದ ಫೋಟೋ ಅಲ್ಲಿ 60 ದಿನ ಇರುತ್ತದೆ, ಆಗದೇ ಇದ್ದದ್ದು 30 ದಿನ. ಹುಡುಗ ಅಳಿಸಿದ್ದು ಹೋದ ಭಾನುವಾರ. ಹೇಗೆ ಲೆಕ್ಕ ಹಾಕಿದರೂ ಸಮಯ ಇದೆ, ಅಲ್ವಾ? ಬೇಕಾದ ಫೋಟೋ ಮೇಲೆ ಬೆರಳು ಒತ್ತಿ ಹಿಡಿ, 'ರಿಸ್ಟೋರ್' ಒತ್ತು. ಅಲ್ಲಿ ಇಲ್ಲದಿದ್ದರೆ ಫೋನಿನ ಜೊತೆ ಬಂದ ಗ್ಯಾಲರಿಯಲ್ಲೂ ಇಂಥದೇ ಬುಟ್ಟಿ ಇರುತ್ತದೆ, 'ರೀಸೆಂಟ್ಲಿ ಡಿಲೀಟೆಡ್' ಅಂತ. ಅದನ್ನೂ ನೋಡು.

ಒಂದೇ ಭಯ, ಹುಡುಗ ಬುಟ್ಟಿಯನ್ನೂ ಖಾಲಿ ಮಾಡಿದ್ದರೆ. ಅವನನ್ನು ಕರೆದು ನಿಧಾನಕ್ಕೆ ಕೇಳು. ಒಂದು ಲೋಟ ಹಾರ್ಲಿಕ್ಸ್ ಕೊಟ್ಟು ಕೇಳಿದರೆ ನಿಜ ಹೇಳುತ್ತಾನೆ.

ಹಾಗೆ ಮಾಡಿದ್ದರೂ ದಾರಿ ಇದೆ. ನೀನು ನನಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ನೆನಪಿದೆಯಾ? ನಿನ್ನೆ ನಮ್ಮ ಚಾಟ್ ಪೂರ್ತಿ ಹಿಂದಕ್ಕೆ ಹೋಗಿ ಹುಡುಕಿದೆ. ಒಂಬತ್ತು ಪುಟ ಸಿಕ್ಕಿತು. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಆದರೂ ಅಜ್ಜಿಯ ಅಕ್ಷರ ಓದಲಿಕ್ಕೆ ಬರುತ್ತದೆ. ದೊಡ್ಡತ್ತೆಗೂ ನೀನು ಕಳಿಸಿದ್ದೆ, ಅವರನ್ನೂ ಕೇಳು. ಇನ್ನೊಂದು ಗುಟ್ಟು: ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದ ಇನ್ನೊಂದು ಪ್ರತಿ ನಿನ್ನ ಫೋನಿನೊಳಗೇ ಬೇರೆ ಕಡೆ ಕೂತಿರುತ್ತದೆ. ಇದು ನಿನಗಲ್ಲ, ಚಿಕ್ಕಪ್ಪನ ಮಗನಿಗೆ. ಫೈಲ್ಸ್ ಆ್ಯಪ್‌ನಲ್ಲಿ 'ಆಂಡ್ರಾಯ್ಡ್', ಅದರೊಳಗೆ 'ಮೀಡಿಯಾ', ಅದರೊಳಗೆ ವಾಟ್ಸಾಪ್‌ನ ಫೋಲ್ಡರ್, ಕೊನೆಗೆ 'ವಾಟ್ಸಾಪ್ ಇಮೇಜಸ್' ಅನ್ನುವುದರೊಳಗೆ 'ಸೆಂಟ್'. ಗ್ಯಾಲರಿಯಲ್ಲಿ ಅಳಿಸಿದವರು ಅಲ್ಲಿಗೆ ಹೋಗಿರುವುದು ಕಡಿಮೆ.

ದಯವಿಟ್ಟು ಯಾರಾದರೂ "ವಾಟ್ಸಾಪ್ ತೆಗೆದು ಮತ್ತೆ ಹಾಕಿ, ಸರಿ ಹೋಗುತ್ತೆ" ಅಂದರೆ ಒಪ್ಪಬೇಡ. ಬ್ಯಾಕಪ್ ಇದೆಯಾ ಅಂತ ನೋಡದೆ ತೆಗೆದರೆ ಇದ್ದದ್ದೂ ಹೋಗುತ್ತದೆ.

ಪೇಟೆಯ ಅಂಗಡಿಯವನು ಎರಡು ಸಾವಿರ ಕೊಟ್ಟರೆ ಎಲ್ಲಾ ವಾಪಸ್ ತೆಗೆದುಕೊಡುತ್ತೇನೆ ಅಂದನಂತೆ. ಕೊಡಬೇಡ. ಇದನ್ನು ಅಪ್ಪಯ್ಯನಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಅಪ್ಪಯ್ಯ, ಫೋಟೋ ಅಳಿಸುವುದು ಅಂದರೆ ಪಹಣಿಯಿಂದ ಹೆಸರು ತೆಗೆದ ಹಾಗೆ. ಜಮೀನು ಅಲ್ಲೇ ಇರುತ್ತದೆ. ಇನ್ನೊಬ್ಬರು ಬಂದು ಬೇಲಿ ಹಾಕಿ ಅಡಿಕೆ ಸಸಿ ನೆಡುವ ತನಕ ಹಳೆಯದು ಉಳಿದಿರುತ್ತದೆ. ನಿಮ್ಮ ಹಳೇ ಫೋನಿನ ಮೆಮೊರಿ ಕಾರ್ಡ್ ಹೀಗೇ. ಆದರೆ ಈಗಿನ ಫೋನಿನ ಒಳಗಿನ ಜಾಗಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಎಲ್ಲವೂ ಬೀಗ ಹಾಕಿದ ಅಕ್ಷರದಲ್ಲಿ ಇರುತ್ತದೆ, ಅಳಿಸಿದ ಜಾಗವನ್ನು ಫೋನೇ ಬೇಗ ಗುಡಿಸಿಬಿಡುತ್ತದೆ. ಬುಟ್ಟಿಯಿಂದಲೂ ಹೋದದ್ದನ್ನು ಅಂಗಡಿಯವನು ತರಲಾರ. ಪ್ಲೇ ಸ್ಟೋರ್‌ನಲ್ಲಿ "ಅಳಿಸಿದ ಫೋಟೋ ವಾಪಸ್" ಅನ್ನುವ ಆ್ಯಪ್‌ಗಳೂ ಜಾಸ್ತಿ ಅಂದರೆ ಅಂಚೆ ಚೀಟಿಯಷ್ಟು ದೊಡ್ಡ ಚಿತ್ರ ತೋರಿಸಿ ದುಡ್ಡು ಕೇಳುತ್ತವೆ.

ಅಂದಹಾಗೆ, ಆ ಮೆಮೊರಿ ಕಾರ್ಡ್ ಎಲ್ಲಿದೆ? ಮೊದಮೊದಲ ಪುಟಗಳ ಫೋಟೋ ತೆಗೆದದ್ದು ಅಪ್ಪಯ್ಯನ ಫೋನಿನಲ್ಲಿ ಅಂತ ನನ್ನ ನೆನಪು. ಬಾಗಿಲ ಮೇಲಿನ ಗೂಡಿನಲ್ಲಿ, ಹಳೇ ಕರೆಂಟ್ ಬಿಲ್ಲುಗಳ ಜೊತೆ ಇರಬಹುದು. ಸಿಕ್ಕಿದರೆ ಯಾವ ಫೋನಿಗೂ ಹಾಕಬೇಡಿ. ಒಂದು ಹೊಸ ಫೋಟೋ ಅದರ ಮೇಲೆ ಬಿದ್ದರೂ ಒಂದು ಹಳೇ ಪುಟ ಹೋದ ಹಾಗೆ. ಕವರಿನಲ್ಲಿ ಹಾಕಿಡಿ. ಕಂಪ್ಯೂಟರ್‌ನಲ್ಲಿ ಫೋಟೋರೆಕ್ ಅನ್ನುವ ಪ್ರೋಗ್ರಾಂ ಇದೆ, ಪುಕ್ಕಟೆ. ಕಾರ್ಡಿನಲ್ಲಿ ಉಳಿದದ್ದನ್ನು ಕೆದಕಿ ತೆಗೆಯುತ್ತದೆ. ಫೈಲಿನ ಹೆಸರು ಮಾತ್ರ ಉಳಿಯುವುದಿಲ್ಲ. ಯಾವ ಪುಟ ಮೊದಲು, ಯಾವುದು ಆಮೇಲೆ ಅಂತ ನಾವೇ ಜೋಡಿಸಬೇಕು. ಡಿಸೆಂಬರ್‌ನಲ್ಲಿ ಬಂದಾಗ ಜಗಲಿಯಲ್ಲಿ ಕೂತು ಮಾಡೋಣ.

ಇನ್ನು ಫೋನ್ ಚಾರ್ಜ್ ಆಗದ ವಿಷಯ. ಬಚ್ಚಲ ಒಲೆ ಹತ್ತಿರ ಇಟ್ಟು ಒಣಗಿಸಿದ್ದಾರಂತೆ ಅಪ್ಪಯ್ಯ! ಅಡಿಕೆ ಅಲ್ಲ ಅದು. ಬಿಸಿ ತಾಗಿದರೆ ಬ್ಯಾಟರಿ ಕೆಡುತ್ತದೆ. ಅಕ್ಕಿ ಡಬ್ಬದಲ್ಲೂ ಹೂಳಬೇಡ ಅಮ್ಮ. ಅಕ್ಕಿಯಲ್ಲಿ ಹಾಕಬೇಡಿ, ಸಣ್ಣ ಚೂರು ಒಳಗೆ ಹೋಗಿ ಹಾಳಾಗಬಹುದು ಅಂತ ಆಪಲ್ ಕಂಪನಿಯೇ ಹೇಳಿದೆ. ಮಳೆಗಾಲದಲ್ಲಿ ಪಸೆ ಹಿಡಿಯುವುದು ಸಹಜ. ಚಾರ್ಜರ್ ತೆಗೆದು, ತೂತು ಕೆಳಗೆ ಮಾಡಿ, ಕೈ ಮೇಲೆ ಮೆತ್ತಗೆ ತಟ್ಟಿ, ಗಾಳಿ ಆಡುವ ಕಡೆ ಇಡಿ. ಒಣಗಿದ ಮೇಲೂ ಚಾರ್ಜ್ ಆಗದಿದ್ದರೆ ಫೋನ್ ಆಫ್ ಮಾಡಿ ಹಲ್ಲುಕಡ್ಡಿಯಿಂದ ತೂತಿನ ಒಳಗೆ ನಿಧಾನ ಕೆರೆದು ನೋಡಿ. ಸೂಜಿ, ಪಿನ್ನು ಬೇಡ. ಜೇಬಿನ ನೂಲೆಲ್ಲ ಅಲ್ಲಿ ಸೇರಿ ಗಟ್ಟಿಯಾಗಿರುತ್ತದೆ. ಹಿಂದಿನ ಬಾಡಿ ಉಬ್ಬಿದ್ದು ಕಂಡರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ, ಬ್ಯಾಟರಿ ಬದಲಿಸಬೇಕು.

ಫೋನ್ ತುಂಬಿದ್ದು ನಿನ್ನ ಫೋಟೋಗಳಿಂದ ಅಲ್ಲ, ಸಂಘದ ಗುಂಪಿನ ಗುಡ್ ಮಾರ್ನಿಂಗ್ ಹೂವುಗಳಿಂದ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅಲ್ಲಿ 'ಮ್ಯಾನೇಜ್ ಸ್ಟೋರೇಜ್'. ಯಾವ ಗುಂಪು ಎಷ್ಟು ತಿಂದಿದೆ ಅಂತ ಸಾಲಾಗಿ ಕಾಣುತ್ತದೆ. ಅಲ್ಲಿಂದ ಅಳಿಸು. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನಿನಿಂದಲೂ, ಬ್ಯಾಕಪ್‌ನಿಂದಲೂ ಎರಡೂ ಕಡೆ ಹೋಗುತ್ತದೆ. ಇದು ಓದಿದವರಿಗೇ ಗೊತ್ತಿರುವುದಿಲ್ಲ. ಜಾಗ ಬೇಕಾದರೆ 'ಫ್ರೀ ಅಪ್' ಅನ್ನುವುದನ್ನು ಒತ್ತಬೇಕು. ಅದು ಬ್ಯಾಕಪ್ ಆದದ್ದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ಪುಕ್ಕಟೆ ಸಿಗುವುದು 15 ಜಿಬಿ, ಮೇಲ್ ಕೂಡ ಅದರಲ್ಲೇ. ಅಜ್ಜಿಯ ಪುಸ್ತಕಕ್ಕೆ ಧಾರಾಳವಾಯಿತು.

ಮತ್ತೆ, "ನಿಮ್ಮ ಫೋಟೋ ತೆಗೆದುಕೊಡುತ್ತೇವೆ, ಒಂದು ಆ್ಯಪ್ ಹಾಕಿಕೊಳ್ಳಿ, ಓಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ಸುಮ್ನೆ ಕಟ್ ಮಾಡು. ಮರ್ಯಾದೆ ನೋಡಬೇಡ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಕ್ಯಾಲೆಂಡರ್ ಮೇಲೆ ಬರೆದಿಡು.

ಚಿಕ್ಕಪ್ಪನ ಮಗನ ಜೊತೆ ಕೂತು ಬಿನ್ ನೋಡಿದ ಕೂಡಲೇ ನನಗೆ ಮಿಸ್ಡ್ ಕಾಲ್ ಕೊಡು. ರಾತ್ರಿಯಾದರೂ ಪರವಾಗಿಲ್ಲ. ಸಿಕ್ಕಿದರೆ ಮೊದಲು ಪತ್ರೊಡೆಯ ಪುಟ ಕಳಿಸು, ನನ್ನ ಹತ್ತಿರ ಇರುವ ಒಂಬತ್ತರಲ್ಲಿ ಅದಿಲ್ಲ. ಇಲ್ಲಿ ಕೆಸುವಿನ ಎಲೆ ನನಗೆ ಸಿಕ್ಕಿಲ್ಲ. ಕೇಲ್ ಅಂತ ಒಂದು ಸೊಪ್ಪು ಸಿಗುತ್ತದೆ, ಅದರಲ್ಲೇ ಮಾಡಿ ನೋಡುತ್ತೇನೆ. ಹುಳಿ ಎಷ್ಟು ಹಾಕಬೇಕು ಅಂತ ಅಜ್ಜಿ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ ನೋಡು, ಆ ಅಂಚು ಕತ್ತರಿಸದೆ ಕಳಿಸು.

ಇಂತಿ ನಿನ್ನ
ಮಗಳು