ಒಡಕಲ್ಲ, ಕವಲು

ಮಾನ್ಯ ಸಂಪಾದಕರೇ,

ವಿಕೇಂದ್ರೀಕೃತ ಸಾಮಾಜಿಕ ಜಾಲತಾಣಗಳ (ಒಂದೇ ಕಂಪನಿಯ ಕೈಯಲ್ಲಿರದೆ, ಬೇರೆಬೇರೆಯವರು ನಡೆಸುವ ಸರ್ವರ್‌ಗಳು ಪರಸ್ಪರ ಬೆಸೆದುಕೊಳ್ಳಬಲ್ಲ ತಾಣಗಳ) ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವು ಅಂಥ ತಾಣಗಳನ್ನು ನಡೆಸುವ ಮ್ಯಾಸ್ಟಡಾನ್ ತಂತ್ರಾಂಶದಿಂದಲೇ ಕಥೆ ಆರಂಭಿಸಿ, ಆ ಬಗೆಯ ತಂತ್ರಾಂಶಗಳಿಂದ ಟಿಸಿಲೊಡೆದ ರೂಪಗಳನ್ನೆಲ್ಲ ‘ಒಡಕು’ ಎಂದು ಕರೆದಿದೆ. ಎರಡೂ ಸರಿಯಲ್ಲ.

ಮ್ಯಾಸ್ಟಡಾನ್ ಬಂದದ್ದು 2016ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲೇ, 2008ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಇವಾನ್ ಪ್ರೊಡ್ರೊಮು ಐಡೆಂಟಿಕಾ ಎಂಬ ಕಿರುಬರಹಗಳ ತಾಣವನ್ನು ತೆರೆದಿದ್ದರು. ಅದನ್ನು ನಡೆಸುತ್ತಿದ್ದ ಲಕೋನಿಕಾ ತಂತ್ರಾಂಶವು ಮರುವರ್ಷ ಸ್ಟೇಟಸ್‌ನೆಟ್ ಎಂಬ ಹೆಸರು ಪಡೆದು, 2013ರಲ್ಲಿ ಗ್ನೂ ಸೋಶಿಯಲ್ ಯೋಜನೆಯಲ್ಲಿ ಸೇರಿಹೋಯಿತು. ಮ್ಯಾಸ್ಟಡಾನ್ ಹೊಸದಾಗಿ ಬರೆದ ತಂತ್ರಾಂಶ ನಿಜ. ಆದರೂ ಮೊದಮೊದಲು ಅದು ಆಡಿದ್ದು ಗ್ನೂ ಸೋಶಿಯಲ್‌ನ ಭಾಷೆಯನ್ನೇ, ಅಂದರೆ ಓಸ್ಟೇಟಸ್ ಎಂಬ ಸಂವಹನ ನಿಯಮವನ್ನೇ. ವಿಕೇಂದ್ರೀಕೃತ ತಾಣಗಳದ್ದೇ ತಂತ್ರಾಂಶಗಳಾದ ಡಯಾಸ್ಪೊರಾ, ಫ್ರೆಂಡಿಕಾಗಳು ಕೂಡ 2010ರಷ್ಟು ಹಳೆಯವು.

ಇನ್ನು ಒಡಕಿನ ಮಾತು. ನಮ್ಮ ಶಿರಸಿ ಕಡೆ ಅಣ್ಣತಮ್ಮಂದಿರು ಹಿಸ್ಸೆಯಾದರೆ ನಾಲ್ಕು ಎಕರೆ ಅಡಿಕೆ ತೋಟ ಎರಡೆರಡು ಎಕರೆಯಾಗುತ್ತದೆ, ಬಾವಿಯ ನೀರಿಗೂ ಪಾಳಿ ಬರುತ್ತದೆ. ತಂತ್ರಾಂಶ ಕವಲೊಡೆದಾಗ, ಅಂದರೆ ಒಬ್ಬರು ಬರೆದ ಮೂಲಸಂಕೇತದ (ಸೋರ್ಸ್ ಕೋಡ್) ಪ್ರತಿ ತೆಗೆದು ಇನ್ನೊಬ್ಬರು ತಮ್ಮ ದಾರಿಯಲ್ಲಿ ಬೆಳೆಸಿದಾಗ, ಹಾಗಲ್ಲ. ಇಡೀ ತೋಟ ಅಣ್ಣನಿಗೂ ಉಂಟು, ತಮ್ಮನಿಗೂ ಉಂಟು. ಹಂಚಿಹೋಗುವುದು ಕೆಲಸಕ್ಕೆ ಬರುವ ಆಳುಗಳು ಮಾತ್ರ. ಅದು ಸಣ್ಣ ತೊಂದರೆಯಲ್ಲ ಎಂಬುದು ತೋಟ ಇಟ್ಟುಕೊಂಡ ನನಗೂ ಗೊತ್ತು: ಜಪಾನಿನ ಮಿಸ್‌ಕೀ ತಂತ್ರಾಂಶದಿಂದ ಕವಲೊಡೆದ ಫೈರ್‌ಫಿಶ್ ಮುಂದುವರಿಸುವವರಿಲ್ಲದೆ ನಿಂತೇಹೋಯಿತು. ಆದರೆ ಮ್ಯಾಸ್ಟಡಾನ್‌ನ ಕವಲಾದ ಗ್ಲಿಚ್-ಸೋಕ್, ಮೂಲದಲ್ಲಾದ ಬದಲಾವಣೆಗಳನ್ನು ಆಗಾಗ ತನ್ನೊಳಗೆ ಸೇರಿಸಿಕೊಳ್ಳುತ್ತಲೇ ಇದೆ. ಇನ್ನೊಂದು ಕವಲಾದ ಹೋಮ್‌ಟೌನ್, ತಮ್ಮ ಸರ್ವರ್‌ನವರಿಗೆ ಮಾತ್ರ ಕಾಣುವಂತೆ ಬರೆಯಲು ಬಯಸಿದವರಿಗೆ ಆ ಅನುಕೂಲ ಮಾಡಿಕೊಟ್ಟಿತು. ಈ ಕವಲುಗಳ ಮತ್ತು ಅವುಗಳ ಮೂಲದ ನಡುವೆ ಬರಹಗಳು ಇಂದಿಗೂ ಹೋಗಿಬರುತ್ತಿರುವುದು, ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2018ರ ಜನವರಿಯಲ್ಲಿ ಮಾನ್ಯ ಮಾಡಿದ ಆಕ್ಟಿವಿಟಿಪಬ್ ಎಂಬ ಸಂವಹನ ನಿಯಮವನ್ನು ಎಲ್ಲರೂ ಪಾಲಿಸುತ್ತಿರುವುದರಿಂದ. ಆ ನಿಯಮವನ್ನು ಬರೆದವರಲ್ಲಿ ಅದೇ ಪ್ರೊಡ್ರೊಮು ಒಬ್ಬರು ಎಂಬುದನ್ನು ಲೇಖನ ಹೇಳಬಹುದಿತ್ತು.

ಕವಲೊಡೆಯುವ ಈ ಹಕ್ಕಿಗೆ ಒಂದು ಕಟ್ಟಳೆಯೂ ಇದೆ. ಮ್ಯಾಸ್ಟಡಾನ್‌ನ ಎಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಪ್ರಕಾರ, ತಂತ್ರಾಂಶವನ್ನು ಬದಲಿಸಿ ಜಾಲದಲ್ಲಿ ನಡೆಸುವವರು ಬದಲಿಸಿದ ಮೂಲಸಂಕೇತವನ್ನು ಬಳಕೆದಾರರಿಗೆ ಕೊಡಲೇಬೇಕು. 2021ರಲ್ಲಿ, ಮ್ಯಾಸ್ಟಡಾನ್‌ನ ಮೂಲಸಂಕೇತದಿಂದಲೇ ಕಟ್ಟಿದ ಅಮೆರಿಕದ ಟ್ರೂತ್ ಸೋಶಿಯಲ್ ತಾಣವು ಅದನ್ನು ಕೊಡದೆ, ಮ್ಯಾಸ್ಟಡಾನ್‌ನವರು ಆಕ್ಷೇಪಿಸಿದ ಮೇಲೆ ನವೆಂಬರ್‌ನಲ್ಲಿ ಪ್ರಕಟಿಸಿತು. ಉಳಿದ ಸರ್ವರ್‌ಗಳೊಡನೆ ಹೊಕ್ಕುಬಳಕೆಯನ್ನಂತೂ ಇಟ್ಟುಕೊಳ್ಳಲೇ ಇಲ್ಲ. ಲೇಖಕರು ಒಡಕು ಎಂಬ ಪದವನ್ನು ಅದೊಂದಕ್ಕೆ ಬಳಸಿದ್ದರೆ ನನ್ನ ತಕರಾರಿರುತ್ತಿರಲಿಲ್ಲ.

ಇಂತಿ,
ತಮ್ಮ ಓದುಗ, ಶಿರಸಿ