ಬೆನ್ನುನೋವೆಂದು ಹೇಳಬೇಡ, ಮಗಳೇ

ಪ್ರೀತಿಯ ಮಗಳಿಗೆ,

ನಿನ್ನೆ ರಾತ್ರಿ ನೀನು ಹೊರಟಾಗ ನಾನು ಬಾಗಿಲವರೆಗೂ ಬರಲಿಲ್ಲ. ಸ್ಟೇಷನ್ನಿಗೆ ಬರಲಾರೆನೆಂಬುದು ನಿನಗೆ ಗೊತ್ತೇ ಇದೆ. ಬಾಗಿಲಿಗೂ ಬಾರದಿದ್ದುದು ಸಿಟ್ಟಿನಿಂದ. ನಿನ್ನ ಮನಸ್ಸು ನೊಂದಿದ್ದರೆ ಕ್ಷಮಿಸು. ಸಿಟ್ಟಿನ ಕಾರಣ ಮಾತ್ರ ಇನ್ನೂ ಹಾಗೆಯೇ ಇದೆ. ಹುಡುಗನ ಮನೆಯವರು ಕೇಳಿದರೆ ಬೆನ್ನುನೋವಿನಿಂದಾಗಿ ಅಪ್ಪ ಎಂಜಿನ್ ಓಡಿಸುವುದನ್ನು ಬಿಟ್ಟರು ಎಂದು ಹೇಳೋಣ ಎಂದೆಯಲ್ಲ, ಅದಕ್ಕೆ ನಾನು ಒಪ್ಪುವುದಿಲ್ಲ.

ಆ ಬೆಳಿಗ್ಗೆ ಏನಾಯಿತೆಂಬುದು ನಿನಗೆ ಗೊತ್ತು. ಆದರೆ ನಡುವಿನ ಕೆಲವು ಕ್ಷಣಗಳ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ. ತಿರುವು ದಾಟುತ್ತಿದ್ದಂತೆ ಸೈಕಲ್ ಕಂಡಿತು. ಗೇಟು ಮುಚ್ಚಿತ್ತು, ಸೈಕಲ್ಲಿನವನು ಅದರ ಕೆಳಗೆ ನುಸುಳಿ ಬಂದಿದ್ದ. ಹಿಂದಿನ ಚಕ್ರ ಹಳಿಯ ಪಕ್ಕದ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಹಾರ್ನ್ ಒತ್ತಿದೆ, ತುರ್ತು ಬ್ರೇಕ್ ಹಾಕಿದೆ. ಅಲ್ಲಿಗೆ ನನ್ನಿಂದ ಆಗುವುದೆಲ್ಲ ಮುಗಿಯಿತು. ರೈಲಿಗೆ ಸ್ಟೀರಿಂಗ್ ಇಲ್ಲ. ಪೂರ್ಣ ವೇಗದಲ್ಲಿರುವ ರೈಲು ತುರ್ತು ಬ್ರೇಕ್ ಹಾಕಿದ ಮೇಲೂ ಒಂದು ಕಿಲೋಮೀಟರಿನ ಆಸುಪಾಸು ಹೋಗಿಯೇ ನಿಲ್ಲುವುದು. ಅಷ್ಟು ಹೊತ್ತೂ ಲೋಕೋ ಪೈಲಟ್ ಆದವನು ಗಾಜಿನ ಹಿಂದೆ ಕುಳಿತು ನೋಡಬೇಕು. ಅವನು ಸೈಕಲ್ ಬಿಟ್ಟು ಪಕ್ಕಕ್ಕೆ ಹಾರಬಹುದಿತ್ತು. ಹ್ಯಾಂಡಲ್ ಹಿಡಿದು ಎಳೆಯುತ್ತಲೇ ಇದ್ದ. ಕ್ಯಾರಿಯರಿನಲ್ಲಿ ಒಂದು ನೀಲಿ ಚೀಲವಿತ್ತು. ಒಮ್ಮೆ ತಲೆಯೆತ್ತಿದ. ನನ್ನನ್ನು ನೋಡಿದನೋ, ಎಂಜಿನ್ನಿನ ದೀಪವನ್ನು ನೋಡಿದನೋ ತಿಳಿಯದು. ನನ್ನ ಸಹಾಯಕ ಮುಖ ತಿರುಗಿಸಿಕೊಂಡ. ನಾನು ತಿರುಗಿಸಿಕೊಳ್ಳಲಿಲ್ಲ. ಆ ಚೀಲದಲ್ಲಿ ಏನಿತ್ತು? ಪ್ರಾಣಕ್ಕಿಂತ ಹೆಚ್ಚಿನದೇನೂ ಇದ್ದಿರಲಾರದು. ಆದರೂ ಕೇಳಿಕೊಳ್ಳುತ್ತಲೇ ಇದ್ದೇನೆ.

ತನಿಖೆ ನಡೆಸಿದವರು ನನ್ನದೇನೂ ತಪ್ಪಿಲ್ಲವೆಂದು ಬರೆದುಕೊಟ್ಟರು. ಜೊತೆಯವರು ಬೆನ್ನು ತಟ್ಟಿದರು. ವಾರಗಳು ಕಳೆದ ಮೇಲೆ ಅವರ ಮಾತು ಬದಲಾಯಿತು. 'ಸತ್ತವನು ಅವನು, ಇವನಿಗೇನಾಗಿದೆ?', 'ನಾವೂ ಇಂಥದ್ದನ್ನು ಕಂಡಿದ್ದೇವೆ, ಮರುದಿನವೇ ಡ್ಯೂಟಿಗೆ ಹೋಗಿದ್ದೇವೆ', 'ಎದೆಗಾರಿಕೆ ಸಾಲದು'. ಅವರೆಲ್ಲ ಕೆಟ್ಟವರಲ್ಲ. ಒಂದೇ ಆಘಾತವನ್ನು ಕಂಡವರಲ್ಲಿ ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ಮಾತ್ರ ಅದು ಕಾಯಿಲೆಯಾಗಿ ನಿಲ್ಲುತ್ತದೆ. ಚೇತರಿಸಿಕೊಂಡವರಿಗೆ ಅದು ತಮ್ಮ ಧೈರ್ಯದ ಫಲವೆಂದೇ ತೋರುತ್ತದೆ.

ಇದೇನೂ ಹೊಸ ಅಪವಾದವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರು ನಡುಗುತ್ತಾ, ಮಾತು ಕಳೆದುಕೊಂಡು ಕಂದಕಗಳಿಂದ ಬರತೊಡಗಿದಾಗ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 1915ರಲ್ಲಿ ಅದನ್ನು 'ಶೆಲ್ ಶಾಕ್', ಅಂದರೆ ಫಿರಂಗಿ ಗುಂಡಿನ ಆಘಾತ, ಎಂದು ಬರೆದ. ಅದೇ ಯುದ್ಧದಲ್ಲಿ ಬ್ರಿಟಿಷ್ ಸೇನೆ ಪಲಾಯನ, ಹೇಡಿತನ ಮುಂತಾದ ಆರೋಪ ಹೊರಿಸಿ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಈ ಕಾಯಿಲೆಯವರೂ ಇದ್ದರು. ಅವರಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ನನ್ನ ಈ ಕಾಯಿಲೆಗೆ ಇಂದಿರುವ ಪಿ.ಟಿ.ಎಸ್.ಡಿ. ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ನನ್ನನ್ನು ಪುಕ್ಕಲನೆಂದವರ ಮಾತು ಕಿವಿಯಲ್ಲಿ ಉಳಿದಿರುವುದರಿಂದ ಇವನ್ನೆಲ್ಲ ಓದಿಕೊಂಡೆ.

ವೈದ್ಯರು ಹೇಳಿದ್ದು ಇಷ್ಟು. ಮಿದುಳಿನಲ್ಲಿ ಅಪಾಯವನ್ನು ಸಾರುವ ಭಾಗ ಸದಾ ಎಚ್ಚರವಾಗಿರುತ್ತದೆ. ಆ ಘಟನೆ ನಡೆದು ಮುಗಿಯಿತು ಎಂದು ತಿಳಿಹೇಳಬೇಕಾದ ಭಾಗಗಳ ಮಾತು ಅದಕ್ಕೆ ತಲುಪುವುದಿಲ್ಲ. ಹಾಗಾಗಿ ನನಗೆ ಆ ಬೆಳಿಗ್ಗೆ ನೆನಪಾಗುವುದಲ್ಲ, ನಡೆಯುತ್ತದೆ. ಚಿಕಿತ್ಸೆಯಲ್ಲಿ ನಾನು ಅದನ್ನು ಮೊದಲಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಬೇಕು, ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ಮತ್ತೆ ಮತ್ತೆ ಕೇಳಬೇಕು. ಬಾಗಿಲು ಹಾಕಿಕೊಂಡು ಕುಳಿತಿರುತ್ತೇನಲ್ಲ, ಅದು ಇದಕ್ಕೇ. ಮರೆಯಲು ಯತ್ನಿಸುವುದರಿಂದಲೇ ಇದು ಬೆಳೆಯುತ್ತದೆ. 'ಮರೆತುಬಿಡಿ' ಎಂದು ಊರೆಲ್ಲ ಹೇಳುವುದು ಎಷ್ಟು ತಪ್ಪೆಂದು ನಿನಗೀಗ ತಿಳಿಯಿತಲ್ಲ?

ಇನ್ನು ನಿನ್ನ ವಿಷಯ. ರಾತ್ರಿ ನಿದ್ದೆಯಲ್ಲಿ ಚೀರುವವನನ್ನು ಮುಟ್ಟಿ ಎಬ್ಬಿಸಬಾರದು, ದೂರ ನಿಂತು ಹೆಸರು ಹೇಳಿ ಕರೆಯಬೇಕು ಎಂಬುದನ್ನು ನೀನು ಯಾರೂ ಹೇಳಿಕೊಡದೆ ಕಂಡುಕೊಂಡೆ. 'ಅಪ್ಪಾ, ನಾನು, ಮನೆಯಲ್ಲೇ ಇದ್ದೀರಿ' ಎನ್ನುತ್ತಿದ್ದೆ. ಅಷ್ಟು ಬುದ್ಧಿಯುಳ್ಳ ಮಗಳು ನನಗೆ ಹುಟ್ಟಿದಳೆಂಬುದು ನನ್ನ ದೊಡ್ಡ ಹೆಮ್ಮೆ. ಆದರೆ ಬೀದಿಯಲ್ಲಿ ಲಾರಿ ಜೋರಾಗಿ ಹಾರ್ನ್ ಮಾಡಿದರೆ ನೀನು ಕಿಟಕಿಯ ಕಡೆ ನೋಡುವುದಿಲ್ಲ, ನನ್ನ ಮುಖ ನೋಡುತ್ತೀಯ. ಇಪ್ಪತ್ತರ ಹರೆಯದಲ್ಲಿ ಮಾಡಬೇಕಾದ ಕೆಲಸವಲ್ಲ ಅದು. ಅಪ್ಪನನ್ನು ಕಾಯುತ್ತಾ ನೀನು ಎಲ್ಲಿ ಸವೆದುಹೋಗುತ್ತೀಯೋ ಎಂಬ ಭಯ ನನಗಿದೆ. ಈಗ ಅದರ ಮೇಲೆ ಸುಳ್ಳೊಂದನ್ನು ಹೊತ್ತುಕೊಂಡು ಮದುವೆಯಾಗಲು ಹೊರಟಿದ್ದೀಯ. ಸುಳ್ಳನ್ನು ಒಮ್ಮೆ ಹೇಳಿದರೆ ಸಾಲದು, ಪ್ರತಿ ಹಬ್ಬಕ್ಕೂ ಹೇಳಬೇಕು, ನಾನು ಬೆನ್ನು ಬಗ್ಗಿಸಿ ನಡೆಯಬೇಕು. ಉಪದೇಶ ಮಾಡುವುದಿಲ್ಲವೆಂದುಕೊಂಡೇ ಬರೆಯಲು ಕುಳಿತೆ. ಆದರೂ ಹೇಳುತ್ತೇನೆ: ಕೈಹಿಡಿಯುವವನಿಂದ ಮನೆಯ ಕಷ್ಟವನ್ನು ಮುಚ್ಚಿಡಬೇಡ, ನಿನಗೇ ನಿದ್ದೆ ಬಾರದ ದಿನ ಬಂದರೆ ಅದನ್ನೂ ಮುಚ್ಚಿಡಬೇಡ, ಅಪ್ಪನೇ ಸಹಿಸಿಕೊಂಡರು, ನನ್ನದೇನು ಮಹಾ ಎಂದುಕೊಳ್ಳಬೇಡ.

ಅವನಿಗೂ ಮನೆಯಲ್ಲಿ ಯಾರಾದರೂ ಕಾಯುತ್ತಿದ್ದಿರಬೇಕು, ಆ ಚೀಲಕ್ಕಾಗಿ. ನೋಡು, ಮತ್ತೆ ಅಲ್ಲಿಗೇ ಹೋದೆ.

ಹುಡುಗನ ಮನೆಯವರು ಕೇಳಬಹುದಾದದ್ದನ್ನು ಯೋಚಿಸಿದ್ದೇನೆ. ಹುಚ್ಚೇ ಎಂದರೆ, ಅಲ್ಲ. ಯಾರಿಗಾದರೂ ಹೊಡೆಯುತ್ತಾರೆಯೇ ಎಂದರೆ, ಇಲ್ಲ, ನೀನೇ ಸಾಕ್ಷಿ. ವಾಸಿಯಾಗುತ್ತದೆಯೇ ಎಂದರೆ, ಚಿಕಿತ್ಸೆಯಿಂದ ಬಹಳ ಜನರಿಗೆ ಗುಣವಾಗುತ್ತದೆ, ಅಪ್ಪ ನಡುದಾರಿಯಲ್ಲಿದ್ದಾರೆ ಎನ್ನು. ಇಷ್ಟು ಕೇಳಿ ಸಂಬಂಧ ಬೇಡವೆಂದರೆ ನಿನಗಾಗುವ ದುಃಖ ನನಗೆ ಗೊತ್ತು. ಅದನ್ನು ಯೋಚಿಸಿದಾಗ ನನ್ನ ಹಟವೂ ಅಲುಗುತ್ತದೆ. ಆದರೂ ಹೇಳಿಬಿಡು.

ಮನೆಯವರು ಯಾರಾದರೂ ಜೊತೆಗೆ ಬಂದರೆ ಒಳ್ಳೆಯದು ಎಂದು ವೈದ್ಯರು ಬಹಳ ದಿನದಿಂದ ಹೇಳುತ್ತಿದ್ದಾರೆ. ಮುಂದಿನ ಸಲ ರಜೆಗೆ ಬಂದಾಗ ಆ ಹುಡುಗನನ್ನೂ ಕರೆದುಕೊಂಡು ಬಾ, ಮೂವರೂ ಹೋಗೋಣ. ಕೇಳಬೇಕಾದದ್ದನ್ನೆಲ್ಲ ಅವನು ಅವರನ್ನೇ ಕೇಳಲಿ.

ನಿನ್ನ ಅಪ್ಪ