ಹೊಸದಾಗಿ ಗಾಲ್ಫ್ ಕಲಿಯುವವರ ಗಮನಕ್ಕೆ

ಭಾನುವಾರ ಮಂಗಳೂರಿನ ಪಿಲಿಕುಳ ಗಾಲ್ಫ್ ಮೈದಾನಕ್ಕೆ ಬರುವ ಹೊಸಬರು ನಿಯಮಕ್ಕೆ ಹೆದರಬೇಡಿ ಮಾರಾಯ್ರೆ. ಚೆಂಡು ಪೊದೆಗೆ ಹೋದರೆ ಹುಡುಕಲು 3 ನಿಮಿಷ ಮಾತ್ರ (2019ಕ್ಕೆ ಮೊದಲು 5 ಇತ್ತು). ಸಿಗದಿದ್ದರೆ ದಂಡವಾಗಿ ಒಂದು ಹೊಡೆತ (ಪೆನಾಲ್ಟಿ) ಲೆಕ್ಕಕ್ಕೆ ಸೇರಿಸಿಕೊಂಡು ಹಿಂದೆ ಹೊಡೆದ ಜಾಗಕ್ಕೇ ವಾಪಸ್ ಹೋಗಬೇಕು ಎನ್ನುತ್ತದೆ ನಿಯಮ. ಕಲಿಯುವವರಿಗೆ ಆ ನಡಿಗೆ ಬೇಡ, ಚೆಂಡು ಕಳೆದ ಕಡೆಯೇ ಇನ್ನೊಂದು ಹಾಕಿ ಆಡಿ. ಬಂಕರ್‌ನಲ್ಲಿ (ಮರಳಿನ ಗುಂಡಿಯಲ್ಲಿ) ಮೂರು ಸಲ ಹೊಡೆದರೂ ಚೆಂಡು ಮೇಲೆ ಬರಲಿಲ್ಲವೆ? ಕೈಯಲ್ಲೇ ಎತ್ತಿ ಹೊರಗಿಡಿ, ಮರಳು ಸಮ ಮಾಡಿ ಬನ್ನಿ. ನನ್ನ ಪ್ರಕಾರ ಮೊದಲ ಕೆಲವು ತಿಂಗಳು ಅಂಕ ಬರೆಯುವುದೇ ಬೇಡ.

ಸ್ಪರ್ಧೆಗೆ, ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ತೋರಿಸುವ ಸಂಖ್ಯೆ) ಲೆಕ್ಕಕ್ಕೆ ಈ ರಿಯಾಯಿತಿ ಇಲ್ಲ.

ಎದುರಿನವರು ನಿಮ್ಮ ಹೊಡೆತದ ದೂರ ದಾಟುವವರೆಗೆ ದಯವಿಟ್ಟು ಕಾಯಿರಿ. ಚೆಂಡು ಯಾರ ಕಡೆಗಾದರೂ ಹೋದರೆ ಜೋರಾಗಿ ‘ಫೋರ್’ ಎಂದು ಕೂಗಿ. ಇದರಲ್ಲಿ ಮಾತ್ರ ಯಾರಿಗೂ ಸಡಿಲಿಕೆ ಕೊಡುವುದಿಲ್ಲ.